ಅಷ್ಟು ನೀರು ಕುಡಿದರೂ ಡಿಹೈಡ್ರೇಷನ್ನಾ?

ಕಳೆದ ಸಂಚಿಕೆಯ ಒಂದು ಪುಟದಲ್ಲಿ ‘ಡಿಹೈಡ್ರೇಟೆಡ್ ತರಕಾರಿ’ ಅಂತಿತ್ತು, ಇನ್ನೊಂದರಲ್ಲಿ ಭೇದಿಯಿಂದಾಗುವ ಡಿಹೈಡ್ರೇಷನ್ ಬಗ್ಗೆ ಇತ್ತು, ಎರಡೂ ಒಂದೇನಾ ಎಂದು ಓದುಗರೊಬ್ಬರು ಕೇಳಿದ್ದಾರೆ. ಜೊತೆಗೆ ಒಂದು ದೂರು: ‘ಭೇದಿಯಾದಾಗ ಬಾಟಲಿಗಟ್ಟಲೆ ನೀರು ಕುಡಿದೆ. ಆದರೂ ಡಾಕ್ಟರು ಡಿಹೈಡ್ರೇಷನ್ ಅಂದರು. ಅದು ಹೇಗೆ?’

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಎರಡರಲ್ಲೂ ಹೋಗುವುದು ನೀರೇ. ತರಕಾರಿಯ ನೀರನ್ನು ನಾವೇ ಬೇಕಂತ ತೆಗೆಯುತ್ತೇವೆ, ಬೂಸ್ಟು ಹಿಡಿಯದಿರಲಿ ಎಂದು. ರಸಾಯನಶಾಸ್ತ್ರದವರು ಇನ್ನೂ ಒಂದು ಹೆಜ್ಜೆ ಮುಂದೆ. ಸಕ್ಕರೆಯ ಮೇಲೆ ಗಾಢ ಸಲ್ಫ್ಯೂರಿಕ್ ಆಸಿಡ್ ಸುರಿದರೆ ಅದು ಹಳದಿಯಾಗಿ, ಕಂದಾಗಿ, ಕೊನೆಗೆ ಕಪ್ಪಗೆ ಹಬೆಯಾಡುತ್ತ ಉಬ್ಬಿ ಮೇಲೇಳುತ್ತದೆ. ಒಣ ಸಕ್ಕರೆಯಲ್ಲಿ ನೀರೆಲ್ಲಿತ್ತು ಅಂತೀರಾ? ಅದರ ಅಣುವಿನಲ್ಲಿರುವ ಹೈಡ್ರೋಜನ್, ಆಕ್ಸಿಜನ್ ಎರಡನ್ನೂ ಆಸಿಡ್ ನೀರಿನ ರೂಪದಲ್ಲಿ ಕಿತ್ತುಕೊಳ್ಳುತ್ತದೆ. ಉಳಿಯುವುದು ಬರೀ ಇಂಗಾಲ. ಇದಕ್ಕೂ ಹೆಸರು ಡಿಹೈಡ್ರೇಷನ್ನೇ.

ನಿಮ್ಮ ದೂರಿನ ವಿಷಯ ಬೇರೆ. ಭೇದಿಯಲ್ಲಿ ಹೋಗುವುದು ಬರೀ ನೀರಲ್ಲ, ಅದರ ಜೊತೆ ಸೋಡಿಯಂ, ಪೊಟ್ಯಾಸಿಯಂ ಕೂಡ ಹೋಗುತ್ತವೆ. ಕೆಲವು ವೈದ್ಯರು ಬರೀ ನೀರು ಕಮ್ಮಿಯಾದರೆ ಮಾತ್ರ ಡಿಹೈಡ್ರೇಷನ್ ಅನ್ನುತ್ತಾರೆ, ಉಪ್ಪು ನೀರು ಎರಡೂ ಹೋದರೆ ಬೇರೆ ಹೆಸರು ಕೊಡುತ್ತಾರೆ. ಬಳಕೆಯಲ್ಲಿ ಎರಡಕ್ಕೂ ಒಂದೇ ಪದ ನಿಂತುಬಿಟ್ಟಿದೆ. ಗೊಂದಲ ಶುರುವಾಗುವುದೇ ಇಲ್ಲಿ. ಹೆಸರು ಕೇಳಿದರೆ ನೀರು ಕುಡಿದರೆ ಸಾಕು ಅನಿಸುತ್ತದೆ, ಅಲ್ವಾ? ಆದರೆ ಉಪ್ಪು ಕಳೆದುಕೊಂಡ ದೇಹಕ್ಕೆ ಬರೀ ನೀರನ್ನೇ ತುಂಬುತ್ತ ಹೋದರೆ ರಕ್ತದ ಸೋಡಿಯಂ ಇನ್ನೂ ತೆಳುವಾಗುತ್ತದೆ. ಅದು ತೀರಾ ಇಳಿದರೆ ಫಿಟ್ಸ್ ಕೂಡ ಬರಬಹುದು.

ಅದಕ್ಕೇ ಓಆರ್‌ಎಸ್, ಅಂದರೆ ನೀರಿನಲ್ಲಿ ಕಲಸಿ ಕುಡಿಸುವ ಉಪ್ಪು-ಸಕ್ಕರೆಯ ಪುಡಿ. ಅದರಲ್ಲಿ ಸಕ್ಕರೆ (ಗ್ಲೂಕೋಸ್) ಯಾಕೆ ಅಂತ ಬಹಳ ಜನ ಕೇಳುತ್ತಾರೆ. ರುಚಿಗಲ್ಲ, ಶಕ್ತಿಗೂ ಅಲ್ಲ. ಸಣ್ಣ ಕರುಳಿನ ಗೋಡೆಯಲ್ಲಿ ಸೋಡಿಯಂ, ಗ್ಲೂಕೋಸ್ ಎರಡನ್ನೂ ಜೊತೆಯಾಗಿಯೇ ಒಳಗೆ ಬಿಡುವ ಬಾಗಿಲೊಂದಿದೆ. ಅವು ಒಳಹೋದರೆ ನೀರು ಹಿಂದೆಯೇ ಹೋಗುತ್ತದೆ. ಕಾಲರಾದಲ್ಲೂ ಈ ಬಾಗಿಲು ಮುಚ್ಚುವುದಿಲ್ಲ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡ್ರಿಪ್ ಬಾಟಲಿ ಸಾಲದೆ ಬಂದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಕುಡಿಸಿಯೇ ಸಾವಿರಾರು ಜೀವ ಉಳಿಸಿದರು. ಇಂಥ ಸಾದಾ ಔಷಧಿಯ ಮೇಲೆ ನನಗೆ ಸ್ವಲ್ಪ ಪಕ್ಷಪಾತ ಜಾಸ್ತಿ.

ಅಳತೆ ಮಾತ್ರ ತಪ್ಪಬಾರದು. ಈಗಿನ ವಿಶ್ವ ಆರೋಗ್ಯ ಸಂಸ್ಥೆಯ (ಡಬ್ಲ್ಯುಎಚ್‌ಒ) ಸೂತ್ರದಲ್ಲಿ ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಅಡುಗೆ ಉಪ್ಪು 2.6 ಗ್ರಾಂ. ಸಿಹಿ ಜಾಸ್ತಿಯಾದರೆ ಅದು ಕರುಳಿಗೇ ನೀರು ಎಳೆದುಕೊಂಡು ಭೇದಿ ಹೆಚ್ಚುತ್ತದೆ. ತಂಪು ಪಾನೀಯ ಕುಡಿಸಬೇಡಿ ಅನ್ನುವುದು ಇದಕ್ಕೇ. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿಯುವುದೂ ಅಷ್ಟೇ ಅಪಾಯ. ಕಲಸಿದ್ದು 24 ಗಂಟೆ ದಾಟಿದರೆ ಚೆಲ್ಲಿ.

ಬಾಯಾರಿಕೆಯನ್ನು ಮಾತ್ರ ನಂಬಬೇಡಿ. ವಯಸ್ಸಾದವರಿಗೆ ಅದು ಮಂದವಾಗಿರುತ್ತದೆ. ಮೂತ್ರ ಕಡಿಮೆಯಾಗಿ ಗಾಢ ಬಣ್ಣಕ್ಕೆ ತಿರುಗುವುದು, ಮಗು ಅತ್ತರೂ ಕಣ್ಣೀರು ಬಾರದಿರುವುದು, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ತಕ್ಷಣ ಇಳಿಯದಿರುವುದು, ಇವು ನೋಡಬೇಕಾದ ಗುರುತು. ಮಂಕು ಕವಿದರೆ, ಕುಡಿದದ್ದು ನಿಲ್ಲದಿದ್ದರೆ ಆಸ್ಪತ್ರೆಗೇ ಹೋಗಿ.

ಮುಂದಿನ ಸಂಚಿಕೆಯಿಂದ ತರಕಾರಿಗೆ ‘ಒಣಗಿಸಿದ’ ಅಂತಲೇ ಬರೆಯುತ್ತೇವೆ.

- ಸಂ.