ಸಾಲಾಗಿ ಬಿದ್ದ ಮೂರುಗಳು: ಸಂಪಾದಕರ ಉತ್ತರ

ಕೊಪ್ಪಳದ ಪದವಿ ಕಾಲೇಜೊಂದರಲ್ಲಿ ಪಾಠ ಹೇಳುವ ಓದುಗರೊಬ್ಬರು, ತಾವು ಹಂಚಿದ 60 ಹೇಳಿಕೆಗಳ ವ್ಯಕ್ತಿತ್ವ ಪ್ರಶ್ನಾವಳಿಯಲ್ಲಿ (ಪ್ರತಿ ಹೇಳಿಕೆಯನ್ನು ಎಷ್ಟು ಒಪ್ಪುತ್ತೇವೆಂದು ಅಂಕೆಯಿಂದ ಗುರುತಿಸುವಂಥದು) ಕೆಲವು ವಿದ್ಯಾರ್ಥಿಗಳು ಮೊದಲಿನಿಂದ ಕೊನೆಯವರೆಗೆ 3ಕ್ಕೇ ಗುರುತು ಹಾಕಿದ್ದಾರೆಂದೂ, ಇನ್ನು ಕೆಲವರು ಒಂದಕ್ಕೊಂದು ವಿರುದ್ಧವಾದ ಹೇಳಿಕೆಗಳೆರಡನ್ನೂ ಒಪ್ಪಿದ್ದಾರೆಂದೂ ಬರೆದು, ಇಂಥ ಹಾಳೆಗಳನ್ನೆಲ್ಲ ಕೈಬಿಡಬಹುದೇ ಎಂದು ಕೇಳಿದ್ದಾರೆ.

ಮಾನ್ಯರೇ,

ಮೊದಲ ಗುಂಪಿನ ಹಾಳೆಗಳನ್ನು ಕೈಬಿಡಬಹುದು. ಒಂದು ಗುಣವನ್ನು ಇದ್ದಂತೆಯೇ ಹೇಳುವ ನೇರ ಹೇಳಿಕೆಗಳೂ ಅದಕ್ಕೆ ವಿರುದ್ಧವಾದುದನ್ನು ಹೇಳುವ ತಿರುವು ಹೇಳಿಕೆಗಳೂ ಬೆರೆತಿರುವಾಗ, ಓದಿ ಉತ್ತರಿಸಿದವರ ಗುರುತು 60 ಸಲವೂ ಒಂದೇ ಅಂಕಣದಲ್ಲಿ ಬೀಳುವುದು ನಂಬಲಾಗದ ಮಾತು. ಸಂಜೆಯ ಕೊನೆಯ ತರಗತಿಯಲ್ಲಿ ಹಂಚಿದ್ದಾಗಿ ತಾವೇ ಬರೆದಿದ್ದೀರಿ. ಕುಕನೂರು, ಯಲಬುರ್ಗಾ ಕಡೆಯ ಬಸ್ಸು ಹಿಡಿಯಬೇಕಾದ ಹುಡುಗರು ಇನ್ನೇನು ಮಾಡಿಯಾರು?

ಎರಡನೆಯ ಗುಂಪಿನ ವಿಷಯದಲ್ಲಿ ಮಾತ್ರ ಅವಸರ ಬೇಡ. ತಾವು ಕಳುಹಿಸಿದ ಪ್ರತಿಯಲ್ಲಿ ‘ಅಪರಿಚಿತರೊಡನೆ ಮಾತನಾಡುವುದು ನನಗೆ ಇಷ್ಟವಾಗುವುದಿಲ್ಲ’ ಎಂಬ ಹೇಳಿಕೆಯಿದೆ. ಮಾತುಗಾರ್ತಿಯಾದ ಹುಡುಗಿ ಇದಕ್ಕೆ ‘ಒಪ್ಪುವುದಿಲ್ಲ’ ಎನ್ನಬೇಕು. ಒಂದು ‘ಇಲ್ಲ’ದ ಮೇಲೆ ಇನ್ನೊಂದು ‘ಇಲ್ಲ’ವನ್ನು ಹೇರಿ ಅರ್ಥ ಬಿಡಿಸಿಕೊಳ್ಳುವಾಗ ಗಮನವಿಟ್ಟು ಓದಿದವರೂ ಎಡವುತ್ತಾರೆ. ಅದನ್ನೇ ‘ಅಪರಿಚಿತರ ಮುಂದೆ ನನಗೆ ಮುಜುಗರವಾಗುತ್ತದೆ’ ಎಂದು ಬರೆದಿದ್ದರೆ ಈ ತೊಡಕೇ ಇರುತ್ತಿರಲಿಲ್ಲ. ಹಲವರ ಹಾಳೆಗಳಲ್ಲಿ ಈ ಹೇಳಿಕೆ ಮತ್ತು ಅದರ ವಿರುದ್ಧ ಹೇಳಿಕೆಯ ಜೋಡಿಯೊಂದೇ ತಾಳೆಯಾಗದಿದ್ದರೆ ದೋಷ ಬಹುಮಟ್ಟಿಗೆ ಹೇಳಿಕೆಯದು. ಒಬ್ಬರದೇ ಹಾಳೆಯಲ್ಲಿ ಹಲವು ಜೋಡಿಗಳು ತಾಳೆಯಾಗದಿದ್ದರೆ ಉತ್ತರಿಸಿದವರ ಮೇಲೆ ಸಂಶಯಪಡಬಹುದು.

ಸಂಶಯ ಬಂದ ಹಾಳೆಯನ್ನು ಇನ್ನೊಂದು ಬಗೆಯಲ್ಲೂ ಪರೀಕ್ಷಿಸಿ. ಒಂದೊಂದು ಗುಣಕ್ಕೆ ಸೇರಿದ ಹೇಳಿಕೆಗಳನ್ನು ಸಮ ಮತ್ತು ಬೆಸ ಕ್ರಮಸಂಖ್ಯೆಗಳಾಗಿ ವಿಂಗಡಿಸಿ, ತಿರುವು ಹೇಳಿಕೆಗಳ ಅಂಕವನ್ನು ಮೊದಲೇ ತಿರುಗಿಸಿಕೊಂಡು (ಅತಿ ಹೆಚ್ಚಿನದನ್ನು ಅತಿ ಕಡಿಮೆಯಾಗಿ ಎಣಿಸಿ, ಹಾಗೆಯೇ ಉಳಿದವನ್ನೂ), ಎರಡು ಭಾಗಗಳ ಸರಾಸರಿಯನ್ನು ಹೋಲಿಸಿದರೆ, ಮನಸ್ಸಿಟ್ಟು ಬರೆದವರಲ್ಲಿ ಅವು ಹತ್ತಿರ ಹತ್ತಿರ ಬರುತ್ತವೆ. ಕೋಲ್ಕತ್ತದ ಭಾರತೀಯ ಸಾಂಖ್ಯಿಕ ಸಂಸ್ಥೆಯನ್ನು ಕಟ್ಟಿದ ಪ್ರಶಾಂತಚಂದ್ರ ಮಹಾಲನೋಬಿಸ್ 1936ರಲ್ಲಿ ಮಂಡಿಸಿದ ‘ದೂರ’ದ ಅಳತೆಯೂ ಇಲ್ಲಿ ಬಳಕೆಯಲ್ಲಿದೆ: ಒಬ್ಬರ ಒಟ್ಟು ಉತ್ತರಗಳು ಉಳಿದವರ ಸಾಮಾನ್ಯ ವಿನ್ಯಾಸದಿಂದ ಎಷ್ಟು ಆಚೆಗಿವೆ ಎಂಬುದನ್ನು ಅದು ತಿಳಿಸುತ್ತದೆ. ಆದರೆ ನಿಜವಾಗಿಯೂ ವಿಲಕ್ಷಣ ಸ್ವಭಾವದವನನ್ನೂ ಅದು ಅಷ್ಟೇ ದೂರಕ್ಕೆ ತಳ್ಳುತ್ತದೆ. ವ್ಯಕ್ತಿತ್ವವನ್ನು ಅಳೆಯಲು ಹೊರಟು ಅವನನ್ನೇ ಹೊರಗಿಡುವುದು ವಿಚಿತ್ರವಾದೀತು. ಆದ್ದರಿಂದಲೇ 2012ರಲ್ಲಿ ಅಲಕ್ಷ್ಯದ ಉತ್ತರಗಳ ವಿಷಯವನ್ನು ವಿವರವಾಗಿ ಪರಿಶೀಲಿಸಿದ ಮನಶ್ಶಾಸ್ತ್ರ ಸಂಶೋಧಕರಾದ ಮೀಡ್ ಮತ್ತು ಕ್ರೇಗ್ ಒಂದೇ ಸೂಚಕವನ್ನು ನೆಚ್ಚದೆ ಹಲವನ್ನು ಒಟ್ಟಿಗೆ ನೋಡಬೇಕೆಂದರು. ಅವರ ಅಧ್ಯಯನದಲ್ಲಿ ಪದವಿ ವಿದ್ಯಾರ್ಥಿಗಳ ಪೈಕಿ ಶೇ. 10ರಿಂದ 12ರಷ್ಟು ಮಂದಿ ಅಲಕ್ಷ್ಯದಿಂದ ಉತ್ತರಿಸಿದವರೆಂದು ಕಂಡುಬಂದಿತ್ತು. ತಮ್ಮ ತರಗತಿಯೇ ಕೆಟ್ಟದ್ದೆಂದು ನೊಂದುಕೊಳ್ಳಬೇಕಿಲ್ಲ.

ಮುಂದಿನ ಸಲ ಬೆಳಗಿನ ತರಗತಿಯಲ್ಲಿ ಹಂಚಿ, ನಡುವೆ ‘ಇಲ್ಲಿ 2ಕ್ಕೇ ಗುರುತು ಹಾಕಿ’ ಎಂಬ ಒಂದೆರಡು ಸಾಲುಗಳನ್ನು ಸೇರಿಸಿ; ಓದದೆ ಗುರುತು ಹಾಕುವವರು ಅಲ್ಲಿ ಗೊತ್ತಾಗುತ್ತಾರೆ. ಸದ್ಯಕ್ಕೆ, ಸಂಶಯದ ಹಾಳೆಗಳನ್ನು ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಲೆಕ್ಕ ಹಾಕಿ, ಎರಡು ಫಲಿತಾಂಶಗಳನ್ನೂ ವರದಿಯಲ್ಲಿ ಕೊಡಿ. ಎಷ್ಟು ಹಾಳೆಗಳನ್ನು ಯಾವ ಕಾರಣಕ್ಕೆ ಬಿಟ್ಟಿರೆಂಬುದೂ ಅಲ್ಲಿರಲಿ.

– ಸಂ.