ಮೋಂಬತ್ತಿ ಆರಿಸಿ, ನಾಲೆಯ ಕೊನೆಗೆ ಬನ್ನಿ

ನಮಸ್ಕಾರ.

ಸೆಪ್ಟೆಂಬರ್ ಹತ್ತಿರವಾದರೆ ನಮ್ಮ ಕಚೇರಿಗೆ ಗಣೇಶನ ಚಂದಾ ಕೇಳುವ ಹುಡುಗರೂ ವಿಶ್ವೇಶ್ವರಯ್ಯನವರ ಮೇಲಿನ ಲೇಖನಗಳೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ಹುಡುಗರನ್ನು ಐವತ್ತೋ ನೂರೋ ಕೊಟ್ಟು ಸಾಗಹಾಕಬಹುದು. ಲೇಖನಗಳನ್ನು ಓದಲೇಬೇಕು. ನಿಮ್ಮ ‘ಎಂಜಿನಿಯರ್ ಮಂತ್ರಿಯಾದಾಗ’ ಎಂಬುದನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ.

ಸಾಮಾನ್ಯವಾಗಿ ಇಷ್ಟೇ ಬರೆದು ಸುಮ್ಮನಾಗುತ್ತೇನೆ. ಈ ಸಲ ಉದ್ದಕ್ಕೆ ಬರೆಯಬೇಕೆನಿಸಿದ್ದು ಲೇಖನದ ಕೆಳಗೆ ನೀವು ಕೊಟ್ಟಿದ್ದ ಮೂರು ಸಾಲಿನ ಪರಿಚಯ ನೋಡಿ. ಭದ್ರಾ ನಾಲೆಯ ಕೊನೆಭಾಗದ ಒಂದು ಉಪವಿಭಾಗದಲ್ಲಿ ಹನ್ನೊಂದು ವರ್ಷದಿಂದ ಜೂನಿಯರ್ ಎಂಜಿನಿಯರ್ ಆಗಿದ್ದೀರಂತೆ. ಹಾಗಿರುವವರು ಇಂಥ ಲೇಖನ ಬರೆದಿದ್ದಾರಲ್ಲ ಎಂದು ಬೇಜಾರಾಯಿತು. ಮುಲಾಜಿಲ್ಲದೆ ಹೇಳುತ್ತೇನೆ, ತಪ್ಪು ತಿಳಿಯಬೇಡಿ.

ಮೊದಲ ಪುಟ ಪೂರ್ತಿ ಮೋಂಬತ್ತಿಗೆ ಹೋಗಿದೆ. ಸರ್ಕಾರದ ಕೆಲಸಕ್ಕೆ ಸರ್ಕಾರದ ಮೋಂಬತ್ತಿ, ಸ್ವಂತ ಕೆಲಸಕ್ಕೆ ಸ್ವಂತದ್ದು. ಈ ಕಥೆಯನ್ನು ನಾನು ನಾಲ್ಕನೇ ಕ್ಲಾಸಿನಲ್ಲಿ ಕೇಳಿದೆ, ನನ್ನ ಮೊಮ್ಮಗಳು ಹೋದ ವರ್ಷ ಕೇಳಿದಳು. ಇದೇ ಕಥೆಯನ್ನು ಎಣ್ಣೆದೀಪ ಇಟ್ಟು ಚಾಣಕ್ಯನ ಬಗ್ಗೆ ಹೇಳುತ್ತಾರೆ. ಅರಬರು ಖಲೀಫ ಎರಡನೇ ಉಮರ್ ಬಗ್ಗೆ ಹೇಳುತ್ತಾರೆ. ದೇಶ ದೇಶ ತಿರುಗಿ ಬಂದ ದೀಪ ಅದು, ಯಾರ ಮೇಜಿನ ಮೇಲಿಟ್ಟರೂ ಉರಿಯುತ್ತದೆ. ಹಾಗಾಗಿ ವಿಶ್ವೇಶ್ವರಯ್ಯನವರ ಬಗ್ಗೆ ಅದು ಬೇರೆಯಾಗಿ ಏನನ್ನೂ ತಿಳಿಸುವುದಿಲ್ಲ. ರೈಲಿನ ಸದ್ದು ಕೇಳಿ ಹಳಿ ಮುರಿದದ್ದನ್ನು ಪತ್ತೆಹಚ್ಚಿ ಚೈನು ಎಳೆದ ಕಥೆಯೂ ಹಾಗೇ. ಅವರು ಪ್ರಾಮಾಣಿಕರಾಗಿದ್ದರು, ಸರಿ. ಆದರೆ ಪ್ರಾಮಾಣಿಕ ಮನುಷ್ಯ ಆರು ವರ್ಷ ಒಂದು ರಾಜ್ಯದ ಆಡಳಿತ ನಡೆಸುವಾಗ ಏನು ಮಾಡಿದ, ಹೇಗೆ ಮಾಡಿದ ಅನ್ನುವುದು ಎರಡನೇ ಪುಟ ಮುಗಿದರೂ ಶುರುವಾಗಿಲ್ಲ.

ಇನ್ನು ಶೀರ್ಷಿಕೆಯ ‘ಮಂತ್ರಿ’. 1912ರ ನವೆಂಬರಿನಿಂದ 1918ರ ಡಿಸೆಂಬರಿನವರೆಗೆ ಅವರಿದ್ದದ್ದು ಮೈಸೂರಿನ ದಿವಾನರಾಗಿ. ದಿವಾನರನ್ನು ನೇಮಿಸುತ್ತಿದ್ದವರು ಮಹಾರಾಜರು, ಮೇಲೆ ಬ್ರಿಟಿಷ್ ರೆಸಿಡೆಂಟರ ಕಣ್ಣು. 1881ರಿಂದ ಪ್ರಜಾಪ್ರತಿನಿಧಿ ಸಭೆ ಇತ್ತು ನಿಜ, ಆದರೆ ದಸರಾ ಹೊತ್ತಿಗೆ ಸೇರಿ ಕಷ್ಟಸುಖ ಅರಿಕೆ ಮಾಡಿಕೊಳ್ಳುವುದರಾಚೆಗೆ ದಿವಾನರನ್ನು ಇಳಿಸುವ ಅಧಿಕಾರ ಅದಕ್ಕಿರಲಿಲ್ಲ. ನೀವು ಕೊನೆಯ ಪುಟದಲ್ಲಿ ಅವರನ್ನು ಇಂದಿನ ಮಂತ್ರಿಗಳ ಪಕ್ಕ ನಿಲ್ಲಿಸಿ ಇಂದಿನವರಿಗೆ ಛೀಮಾರಿ ಹಾಕಿದ್ದೀರಿ. ಓಟಿಗೆ ನಿಲ್ಲದ ಮನುಷ್ಯನನ್ನು ಐದು ವರ್ಷಕ್ಕೊಮ್ಮೆ ಮನೆಮನೆಗೆ ಕೈಮುಗಿಯುವವರ ಜೊತೆ ತೂಗಿದರೆ ತಕ್ಕಡಿಯೇ ಸುಳ್ಳಾಗುತ್ತದೆ. ಹೋಲಿಕೆ ಬೇಕೇ ಬೇಕಿದ್ದರೆ ಪಕ್ಕದ ಆಂಧ್ರದ ಕೆ.ಎಲ್. ರಾವ್ ಇದ್ದಾರೆ. ನಾಗಾರ್ಜುನಸಾಗರಕ್ಕೆ ದುಡಿದ ಎಂಜಿನಿಯರ್, 1962ರಲ್ಲಿ ವಿಜಯವಾಡದಿಂದ ಗೆದ್ದು ಮುಂದೆ ಕೇಂದ್ರದಲ್ಲಿ ನೀರಾವರಿ ಮಂತ್ರಿಯಾದವರು. ಇಲ್ಲದಿದ್ದರೆ ಆ ಪುಟವನ್ನೇ ಕಿತ್ತುಹಾಕಿ. ಕಿತ್ತರೆ ಲೇಖನಕ್ಕೆ ಒಂದು ಗುಲಗಂಜಿಯಷ್ಟೂ ನಷ್ಟವಿಲ್ಲ.

‘ಆಧುನಿಕ ಮೈಸೂರನ್ನು ಏಕಾಂಗಿಯಾಗಿ ಕಟ್ಟಿದ ಶಿಲ್ಪಿ’ ಎಂದಿದ್ದೀರಿ. ಶಿಲ್ಪಿ ನಾಲ್ಕು ಸಲ, ಹರಿಕಾರ ಮೂರು ಸಲ, ದಾರ್ಶನಿಕ ಎಷ್ಟು ಸಲವೋ ಎಣಿಸಿಲ್ಲ. ಕನ್ನಂಬಾಡಿ ಕಟ್ಟೆಯ, ಅಂದರೆ ಇಂದಿನ ಕೆಆರ್‌ಎಸ್‌ನ, ಕೆಲಸ ಶುರುವಾದದ್ದು 1911ರಲ್ಲಿ. ಆಗ ಅವರು ಚೀಫ್ ಎಂಜಿನಿಯರ್, ದಿವಾನರಾಗಿದ್ದವರು ಟಿ. ಆನಂದರಾವ್. ಕಟ್ಟೆ ಮುಗಿದದ್ದು 1931ರ ಸುಮಾರಿಗೆ, ಮಿರ್ಜಾ ಇಸ್ಮಾಯಿಲ್ ಕಾಲಕ್ಕೆ. ನಡುವೆ ಕಾಂತರಾಜ ಅರಸು, ಆಲ್ಬಿಯನ್ ಬ್ಯಾನರ್ಜಿ ಬಂದುಹೋದರು. ಐವರು ದಿವಾನರು, ಒಬ್ಬರೇ ಮಹಾರಾಜರು. ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರು ನಿಮ್ಮ ಲೇಖನದಲ್ಲಿ ಬಂದಿರುವುದು ಒಮ್ಮೆ, ಅದೂ ‘ಅನುಮತಿ ಪಡೆದು’ ಎಂಬ ಪದದ ಪಕ್ಕ. ಮಂಡ್ಯದ ಕಡೆ ಮನೆಗಳಲ್ಲಿ ಇಬ್ಬರ ಫೋಟೊನೂ ಅಕ್ಕಪಕ್ಕ ತೂಗುಹಾಕಿರುತ್ತಾರೆ. ಆ ರೈತರ ಇತಿಹಾಸಪ್ರಜ್ಞೆ ನಮ್ಮ ಲೇಖಕರಿಗಿಂತ ಚೆನ್ನಾಗಿದೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಮತ್ತೆ ಆ ಕಟ್ಟೆಗೆ ಯಾಕೆ ಅಷ್ಟು ಆತುರ ಎಂದು ನೀವು ಕೇಳಿಕೊಂಡಿಲ್ಲ. ಬರೀ ರೈತರ ಕಣ್ಣೀರು ಒರೆಸಲಿಕ್ಕೆ ಎಂದು ಬರೆದುಬಿಟ್ಟಿದ್ದೀರಿ. ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಗುತ್ತಿತ್ತು, ಅದು ಶೇಷಾದ್ರಿ ಅಯ್ಯರ್ ಕಾಲದ ಕೆಲಸ. ಬೇಸಿಗೆಯಲ್ಲಿ ಕಾವೇರಿ ಬಡಕಲಾದರೆ ಕರೆಂಟೂ ಬಡಕಲು. ಗಣಿಗೆ ವರ್ಷವಿಡೀ ಕರೆಂಟು ಕೊಡಬೇಕಾದರೆ ಮೇಲುಗಡೆ ನೀರು ಹಿಡಿದಿಡಬೇಕು. ರಾಜ್ಯದ ಬೊಕ್ಕಸಕ್ಕೆ ಅರ್ಥವಾಗುವ ಲೆಕ್ಕ ಇದು, ಕಟ್ಟೆ ಮಂಜೂರಾಗಲು ಈ ಲೆಕ್ಕದ ಬಲವೂ ಇತ್ತು. ಎಸ್ಟಿಮೇಟ್ ಮೇಲಕ್ಕೆ ಹೋಗುವಾಗ ಅದರ ಜೊತೆ ಎಂಥ ಸಮರ್ಥನೆ ಲಗತ್ತಿಸಬೇಕು, ಹಣಕಾಸಿನವರು ಯಾವ ಸಾಲಿಗೆ ಕೆಂಪು ಇಂಕಿನ ಗೆರೆ ಎಳೆಯುತ್ತಾರೆ ಅನ್ನುವುದು ನಿಮಗೆ ಗೊತ್ತು, ನನಗೆ ಗೊತ್ತಿಲ್ಲ. ಅದನ್ನು ಬರೆಯುವುದು ಬಿಟ್ಟು ಕಣ್ಣೀರು ಬರೆದಿದ್ದೀರಿ.

ಇನ್ನೊಂದು ಪ್ರಸಂಗ, ಅದಕ್ಕೆ ನೀವು ಅರ್ಧ ಸಾಲು ಕೊಟ್ಟಿದ್ದೀರಿ. ಮದರಾಸು ತಕರಾರು ತೆಗೆದಾಗ ಮೊದಲ ಹಂತಕ್ಕೆ, ಇಂದಿನ ಲೆಕ್ಕದಲ್ಲಿ, ಸುಮಾರು 11 ಟಿಎಂಸಿ ಹಿಡಿಯುವ ಕಟ್ಟೆಗೆ ಮಾತ್ರ ಒಪ್ಪಿಗೆ ಸಿಕ್ಕಿತು. ಮೈಸೂರಿನವರು ತಳಪಾಯ ಹಾಕಿದ್ದು ಮಾತ್ರ 41.5 ಟಿಎಂಸಿಯ ದೊಡ್ಡ ಕಟ್ಟೆಗಾಗುವಷ್ಟು ಅಗಲಕ್ಕೆ. 1914ರಲ್ಲಿ ಮಧ್ಯಸ್ಥಗಾರ ಗ್ರಿಫಿನ್ ಕೊಟ್ಟ ತೀರ್ಪು, ಅದರ ಮೇಲೆ ಮದರಾಸಿನ ಮೇಲ್ಮನವಿ, ಕೊನೆಗೆ 1924ರ ಒಪ್ಪಂದ. ಕಾಗದದ ಮೇಲೆ ಸಣ್ಣ ಕಟ್ಟೆ, ನೆಲದೊಳಗೆ ದೊಡ್ಡ ಕಟ್ಟೆ. ಇದನ್ನು ದೂರದೃಷ್ಟಿ ಅನ್ನುತ್ತೀರೋ, ಪಟ್ಟು ಅನ್ನುತ್ತೀರೋ, ತಮಿಳುನಾಡಿನವರ ಹಾಗೆ ಮೋಸ ಅನ್ನುತ್ತೀರೋ, ಅದು ನಿಮಗೆ ಬಿಟ್ಟದ್ದು. ಪ್ರತಿ ಮಳೆಗಾಲ ಪತ್ರಿಕೆಗಳಲ್ಲಿ ‘124.80 ಅಡಿ, ಕೆಆರ್‌ಎಸ್ ಭರ್ತಿ’ ಎಂದು ಓದುವವರಲ್ಲಿ ಎಷ್ಟು ಜನಕ್ಕೆ ಆ ಎತ್ತರದ ಹಿಂದೆ ಹೀಗೊಂದು ತಳಪಾಯ ಇದೆ ಎಂದು ಗೊತ್ತು? ಹಾಗೆಯೇ, ನೀರಿನಡಿ ಹೋದ ಊರಿನ ಹೆಸರಿನಲ್ಲೇ ಜನ ಇವತ್ತಿಗೂ ಕಟ್ಟೆಯನ್ನು ಕರೆಯುತ್ತಾರೆ. ಕನ್ನಂಬಾಡಿಯವರು ಊರು ಬಿಟ್ಟರು. ಅಲ್ಲಿನ ವೇಣುಗೋಪಾಲಸ್ವಾಮಿ ಗುಡಿ ಎಷ್ಟೋ ಕಾಲ ನೀರಿನಡಿ ಇದ್ದು, ತೀರಾ ಈಚೆಗೆ ಹೊಸ ಕನ್ನಂಬಾಡಿಯ ದಡಕ್ಕೆ ಬಂದು ನಿಂತಿತು. ನಿಮ್ಮ ಲೇಖನದಲ್ಲಿ ಆ ಊರಿನವರಿಗೆ ಜಾಗವಿಲ್ಲ.

ಶ್ರೀಗಂಧದ ಎಣ್ಣೆ ಕಾರ್ಖಾನೆಯ ಭಾಗ ಚೆನ್ನಾಗಿದೆ. ಅದನ್ನು ಓದಿದ ಮೇಲೇ ನಿಮಗೆ ಕೈ ಇದೆ ಎಂದು ಗೊತ್ತಾದದ್ದು. ಗಂಧದ ಮರ ಜರ್ಮನಿಗೆ ಹೋಗುತ್ತಿತ್ತು, 1914ರಲ್ಲಿ ಯುದ್ಧ ಬಂತು, ಡಿಪೋಗಳಲ್ಲಿ ಕೊರಡು ರಾಶಿ ಬಿತ್ತು, ಮೈಸೂರಿನ ಕೈಗಾರಿಕಾ ಇಲಾಖೆಯ ಆಲ್ಫ್ರೆಡ್ ಚಾಟರ್ಟನ್‌ರನ್ನೂ ಟಾಟಾ ಇನ್‌ಸ್ಟಿಟ್ಯೂಟಿನ (ಇಂದಿನ ಭಾರತೀಯ ವಿಜ್ಞಾನ ಸಂಸ್ಥೆ) ರಸಾಯನಶಾಸ್ತ್ರದವರನ್ನೂ ಹಿಡಿದು 1916ರಲ್ಲಿ ಬೆಂಗಳೂರಿನಲ್ಲೇ ಎಣ್ಣೆ ತೆಗೆದರು. ಒಂದು ಬಾಗಿಲು ಮುಚ್ಚಿದ್ದು, ಆ ಮುಚ್ಚಿದ ಬಾಗಿಲ ಮುಂದೆ ದಿವಾನರು ಏನು ಮಾಡಿದರು ಅನ್ನುವುದು ಕಣ್ಣಿಗೆ ಕಟ್ಟುತ್ತದೆ. ಇಡೀ ಲೇಖನ ಹೀಗಿರಬೇಕಿತ್ತು. ಬದಲಿಗೆ ಮುಂದಿನ ಪ್ಯಾರಾದಲ್ಲಿ ಮೈಸೂರು ಬ್ಯಾಂಕು, ವಿಶ್ವವಿದ್ಯಾನಿಲಯ, ಸಾಹಿತ್ಯ ಪರಿಷತ್ತು, ಎಂಜಿನಿಯರಿಂಗ್ ಕಾಲೇಜು, ಭದ್ರಾವತಿ ಎಲ್ಲವನ್ನೂ ದಿನಸಿ ಪಟ್ಟಿಯ ಹಾಗೆ ಬರೆದು ಮುಗಿಸಿದ್ದೀರಿ. ಸಾಹಿತ್ಯ ಪರಿಷತ್ತಿನ ಬಗ್ಗೆಯಾದರೂ ಒಂದು ಮಾತು ಬರೆಯಬೇಕಿತ್ತು. ಮನೆಮಾತು ತೆಲುಗು, ಬರವಣಿಗೆಯೆಲ್ಲ ಇಂಗ್ಲಿಷು. ಅಂಥವರ ಕಾಲದಲ್ಲಿ, ರಾಜ್ಯದ ಆರ್ಥಿಕ ಏಳಿಗೆಗೆಂದು ಅವರೇ ಹುರಿದುಂಬಿಸಿದ ಸಂಪದಭ್ಯುದಯ ಸಮಾಜದ ಚರ್ಚೆಗಳಿಂದ 1915ರಲ್ಲಿ ಕನ್ನಡಕ್ಕೊಂದು ಸಂಸ್ಥೆ ಹುಟ್ಟಿತು. ನೂರು ವರ್ಷ ದಾಟಿದ ಮೈಸೂರು ಬ್ಯಾಂಕಿನ ಹೆಸರು 2017ರಲ್ಲಿ ಬೋರ್ಡುಗಳಿಂದ ಇಳಿಯಿತು, ಪರಿಷತ್ತು ಜಗಳ ಮಾಡಿಕೊಂಡಾದರೂ ಇದೆ.

ಈಗ ನಾನು ನಿಜವಾಗಿ ಹೇಳಬೇಕಾದದ್ದು.

ನಿಮ್ಮ ಲೇಖನದ ಪ್ರಕಾರ ವಿಶ್ವೇಶ್ವರಯ್ಯ ಮೊದಲು ಎಂಜಿನಿಯರ್, ಆಮೇಲೆ ಆಡಳಿತಗಾರ. ಮುಂಬಯಿ ಪ್ರಾಂತ್ಯದ ಇಪ್ಪತ್ತುಮೂರು ಇಪ್ಪತ್ನಾಲ್ಕು ವರ್ಷವನ್ನು ‘ಅಲ್ಲಿ ಅಪಾರ ಕೀರ್ತಿ ಗಳಿಸಿ’ ಎಂದು ದಾಟಿಬಿಟ್ಟಿದ್ದೀರಿ. ಖಡಕ್‌ವಾಸ್ಲಾದ ಸ್ವಯಂಚಾಲಿತ ಗೇಟಿನ ಮಾತು ಬಂದಿದೆ, ಅದು ಎಲ್ಲರಿಗೂ ಗೊತ್ತು. ಪುಣೆ ಕಡೆಯ ನೀರಾ ನಾಲೆಯ ಬ್ಲಾಕ್ ಪದ್ಧತಿ ಬಂದಿಲ್ಲ. ಅಲ್ಲಿ ನಾಲೆಯ ತಲೆಭಾಗದವರು ಕಬ್ಬಿಗೆ ಬೇಕಾಬಿಟ್ಟಿ ನೀರು ಹರಿಸಿಕೊಳ್ಳುತ್ತಿದ್ದರು. ಅವರ ಹೊಲ ಜೌಗು, ಊರಿಗೆ ಮಲೇರಿಯಾ. ಮುಂದಿನ ಹಳ್ಳಿಗಳಿಗೆ ನೀರು ಸಾಲದು. ವಿಶ್ವೇಶ್ವರಯ್ಯ ನೀರನ್ನು ಹಲವು ಹಳ್ಳಿಗಳ ಬ್ಲಾಕ್‌ಗಳಿಗೆ ಹಂಚಿ, ಒಂದೊಂದು ಬ್ಲಾಕಿನಲ್ಲೂ ಕಬ್ಬಿಗೆ ಇಂತಿಷ್ಟೇ ಜಾಗ, ಉಳಿದದ್ದಕ್ಕೆ ಕಡಿಮೆ ನೀರಿನ ಬೆಳೆ, ವರ್ಷದಿಂದ ವರ್ಷಕ್ಕೆ ಸರದಿ ಎಂದು ಗೊತ್ತುಮಾಡಿದರು. ಇದು ಗೇಟು, ತೂಬಿನ ಕೆಲಸವಲ್ಲ ಸ್ವಾಮಿ, ರಾಜಕಾರಣ. ಯಾರ ಪಾಲಿನದು ಕಡಿಮೆ ಮಾಡಿ ಯಾರಿಗೆ ಕೊಡಬೇಕು ಎಂಬ ತೀರ್ಮಾನ. ಅವರಿಗಿಂತ ಮುಂಚಿನ ದಿವಾನರು ಕಂದಾಯ, ನ್ಯಾಯಾಡಳಿತದ ದಾರಿಯಲ್ಲಿ ಬಂದರು. ಇವರು ನೀರು ಹಂಚುವ ದಾರಿಯಲ್ಲಿ ಬಂದರು.

ಅದೇ ಮನುಷ್ಯ 1918ರಲ್ಲಿ ಹುದ್ದೆ ಬಿಟ್ಟರು. ನೀವು ‘ಕೆಲವು ಭಿನ್ನಾಭಿಪ್ರಾಯಗಳಿಂದ’ ಎಂದು ಬರೆದು ಕೈತೊಳೆದುಕೊಂಡಿದ್ದೀರಿ. ಯಾವ ಭಿನ್ನಾಭಿಪ್ರಾಯ? ಸರ್ಕಾರಿ ಹುದ್ದೆಗಳು ಬಹುಪಾಲು ಬ್ರಾಹ್ಮಣರ ಕೈಯಲ್ಲಿದ್ದವು. 1917ರಲ್ಲಿ ಬ್ರಾಹ್ಮಣೇತರರ ಪ್ರಜಾಮಿತ್ರ ಮಂಡಳಿ ಹುಟ್ಟಿತು, ಹಿಂದುಳಿದವರು ಮಹಾರಾಜರ ಬಳಿ ಪಾಲು ಕೇಳಿದರು. 1918ರಲ್ಲಿ ನಾಲ್ವಡಿಯವರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ನೇತೃತ್ವದಲ್ಲಿ ಸಮಿತಿ ಮಾಡಿದರು. ದಿವಾನರಿಗೆ ಅದು ಒಪ್ಪಿಗೆಯಾಗಲಿಲ್ಲ. ಮುಂದೆ ಸಮಿತಿ, ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗಲಿ ಎಂದು ಶಿಫಾರಸು ಮಾಡಿತು.

ನೀರಾ ನಾಲೆಯಲ್ಲಿ ತಲೆಭಾಗದವರ ಪಾಲಿಗೆ ಮಿತಿ ಹಾಕಿದವರು ಇಲ್ಲಿ ಯಾಕೆ ಒಪ್ಪಲಿಲ್ಲ? ನಿಮ್ಮ ಲೇಖನ ಇರುವುದು ಈ ಪ್ರಶ್ನೆಯಲ್ಲಿ. ಅವರನ್ನು ಕಟಕಟೆಗೆ ಹತ್ತಿಸಿ ಅನ್ನುತ್ತಿಲ್ಲ. ಅವರ ವಾದಕ್ಕೂ ತೂಕವಿದೆ. ಮೊದಲು ಎಲ್ಲರಿಗೂ ಓದು ಸಿಗಲಿ, ಹುದ್ದೆ ಯೋಗ್ಯತೆಯ ಮೇಲೆ ತಾನಾಗಿ ಹಂಚಿಕೆಯಾಗುತ್ತದೆ ಎಂದು ನಂಬಿದ್ದವರು ಅವರು. 1913ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ತಂದ ಸರ್ಕಾರ ಅವರದೇ. ಅಂದರೆ, ನಾಲೆಗೆ ಹೆಚ್ಚು ನೀರು ಬಿಟ್ಟರೆ ಕೊನೆಯವರೆಗೂ ಹೋಗುತ್ತದೆ ಎಂಬ ಎಣಿಕೆ. ಹೋಗುತ್ತದೆಯೇ? ನನ್ನನ್ನು ಕೇಳಿದರೆ, ಅವರ ಎಣಿಕೆ ಇಲ್ಲಿ ತಪ್ಪಿತು, ನಾಲ್ವಡಿಯವರ ಎಣಿಕೆ ಸರಿಯಾಗಿತ್ತು. ಆದರೆ ನಾನು ಮೇಜಿನ ಮುಂದೆ ಕೂತ ಮನುಷ್ಯ. ತಲೆಭಾಗದಲ್ಲಿ ರಾತ್ರೋರಾತ್ರಿ ಪಂಪು ಇಟ್ಟು ಎತ್ತುವವರನ್ನು, ನಾಲೆಯ ನೀರು ಬಿಡುವ ಸೌಡಿಗಳ ಒದ್ದಾಟವನ್ನು, ಕಚೇರಿ ಮುಂದೆ ಒಣಗಿದ ಭತ್ತದ ಪೈರು ತಂದು ಸುರಿಯುವ ರೈತರನ್ನು ಹನ್ನೊಂದು ವರ್ಷ ನೋಡಿದವರು ನೀವು. ಈ ಪ್ರಶ್ನೆ ಕೇಳುವ ಹಕ್ಕು ನನಗಿಂತ ನಿಮಗೆ ಜಾಸ್ತಿ. ನಿಮ್ಮ ಉತ್ತರ ನನ್ನದಕ್ಕೆ ತದ್ವಿರುದ್ಧವಾಗಿದ್ದರೂ ಅಚ್ಚು ಹಾಕುತ್ತೇನೆ.

ಸಣ್ಣಪುಟ್ಟ ತಿದ್ದುಪಡಿಗಳನ್ನು ಹಾಳೆಯ ಅಂಚಿನಲ್ಲೇ ಪೆನ್ಸಿಲಿನಲ್ಲಿ ಗುರುತು ಮಾಡಿದ್ದೇನೆ. ಕಟ್ಟೆಯನ್ನು ಸಿಮೆಂಟಿನಿಂದ ಕಟ್ಟಿದರು ಎಂದಿದ್ದೀರಿ. ಅದು ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆ ಎಂದು ಎಂಜಿನಿಯರಿಗೆ ಸಂಪಾದಕ ಹೇಳಿಕೊಡುವ ಹಾಗಾಗಬಾರದು. ಮೂಸಿ ಪ್ರವಾಹ 1908ರದ್ದು, ಅವರು ಹೈದರಾಬಾದಿಗೆ ಹೋದದ್ದು ಮರುವರ್ಷ. ಎರಡನ್ನೂ ಒಂದೇ ವಾಕ್ಯದಲ್ಲಿ ಕಲಸಿಬಿಟ್ಟಿದ್ದೀರಿ.

ಹೊಸದಾಗಿ ಬರೆಯಿರಿ, ಸಾವಿರದ ಐನೂರು ಪದ ಮೀರದಿರಲಿ. ನೀರಾ ನಾಲೆಯಿಂದ ಶುರುಮಾಡಿ. ಸೆಪ್ಟೆಂಬರ್ 15ರ ಸಂಚಿಕೆಗೆ ಆಗಬೇಕೆಂದು ಅವಸರ ಮಾಡಬೇಡಿ, ಆ ಸಂಚಿಕೆಗೆ ಮೋಂಬತ್ತಿಗಳು ಆಗಲೇ ಆರು ಬಂದಿವೆ. ಈ ಸಲ ನಾಲೆಗೆ ನೀರು ನಿಲ್ಲಿಸಿದ ಮೇಲೆ ನಿಮಗೂ ಬಿಡುವಾಗುತ್ತದಲ್ಲ, ಆಗ ಕಳಿಸಿ. ಫೋಟೊ ಬೇಡ. ಪೇಟ ಸುತ್ತಿ ಕೂತಿರುವ ಆ ಫೋಟೊ ನಮ್ಮಲ್ಲಿದೆ.

ಇಂತಿ,
ಸಂಪಾದಕ