ಸಂಪಾದಕರ ಉತ್ತರ: ಆ ರಾತ್ರಿ ಅತ್ತೆಯವರಿಗೆ ಏನಾಯಿತು?

ಸಕಲೇಶಪುರ ತಾಲ್ಲೂಕಿನ ಕಾಫಿ ತೋಟದ ಮನೆಯಿಂದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅವರ ಅತ್ತೆಗೆ 74 ವರ್ಷ. ಮೂರು ವರ್ಷದಿಂದ ಮರೆವು. ವೈದ್ಯರು ಆಲ್ಝೈಮರ್ ಕಾಯಿಲೆ ಎಂದಿದ್ದಾರೆ. ಈ ಮಳೆಗಾಲದ ಒಂದು ರಾತ್ರಿ ಇದ್ದಕ್ಕಿದ್ದಂತೆ ಮಗನ ಗುರುತೇ ಸಿಗದೆ, ಅಡುಗೆಮನೆಯ ಬಾಗಿಲಲ್ಲಿ ನಿಂತು, ಎಂದೋ ತೀರಿಹೋದ ತಂಗಿಯನ್ನು ಊಟಕ್ಕೆ ಕರೆಯತೊಡಗಿದರಂತೆ. ಎರಡು ದಿನ ಕಳೆದು ಆಸ್ಪತ್ರೆಗೆ ಕರೆದೊಯ್ದಾಗ ಮೂತ್ರದ ಸೋಂಕು ಎಂದು ಗೊತ್ತಾಯಿತು. ಔಷಧ ಕೊಟ್ಟ ಮೇಲೆ ಚೇತರಿಸಿಕೊಂಡರು, ಆದರೆ ಮೊದಲಿನಷ್ಟಲ್ಲ. ಪತ್ರದ ಕೊನೆಯಲ್ಲಿ ಹೀಗಿದೆ: “ಮಿದುಳಿನ ರೋಗನಿರೋಧಕ ಕೋಶಗಳು ಮಿದುಳನ್ನೇ ತಿನ್ನುತ್ತವೆ ಎಂದು ಮೊಬೈಲಿನಲ್ಲಿ ಕೇಳಿದೆ. ನೆಂಟರೊಬ್ಬರು ರೋಗನಿರೋಧಕ ಶಕ್ತಿ ಹೆಚ್ಚಿಸುವ ಪುಡಿ ತಂದುಕೊಟ್ಟಿದ್ದಾರೆ. ಕೊಡಲೋ ಬೇಡವೋ? ಆ ಎರಡು ದಿನ ನಾನು ತಡ ಮಾಡಿದ್ದೇ ತಪ್ಪಾಯಿತೇ?”

ಪ್ರಿಯ ಸಹೋದರಿ,

ನಿಮ್ಮ ಕೊನೆಯ ಪ್ರಶ್ನೆ ಎರಡು ದಿನದಿಂದ ನನ್ನ ಮನಸ್ಸಿನಲ್ಲೇ ಕೂತಿದೆ. ಅದಕ್ಕೆ ಬರುತ್ತೇನೆ. ಆದರೆ ಆ ಕೋಶಗಳು ಎಂಥವು ಎಂದು ತಿಳಿಯದೆ ಅದಕ್ಕೆ ಉತ್ತರ ಹೇಳಿದರೆ ಬರಿಯ ಸಮಾಧಾನದ ಮಾತಾಗುತ್ತದೆ.

ಅವುಗಳ ಹೆಸರು ಮೈಕ್ರೊಗ್ಲಿಯಾ. 1919ರಲ್ಲಿ ಸ್ಪೇನಿನ ವಿಜ್ಞಾನಿ ಪಿಯೊ ದೆಲ್ ರಿಯೊ ಒರ್ತೆಗಾ ಬೆಳ್ಳಿಯ ಲವಣದಿಂದ ಮಿದುಳಿನ ತೆಳು ಪದರಗಳಿಗೆ ಬಣ್ಣ ಹಿಡಿಸಿ, ಅವುಗಳನ್ನು ಉಳಿದ ಕೋಶಗಳಿಂದ ಬೇರೆಯಾಗಿ ಗುರುತಿಸಿ ಹೆಸರಿಟ್ಟರು. ಮಿದುಳಿನ ನೂರು ಕೋಶಗಳಲ್ಲಿ ಐದರಿಂದ ಹತ್ತು ಇಂಥವು. ಇವು ರಕ್ತದ ಬಿಳಿ ಕಣಗಳಂತೆ ಮೂಳೆಯ ಮಜ್ಜೆಯಿಂದ ಬರುವವಲ್ಲ. ಇವುಗಳ ಮೂಲ ಭ್ರೂಣದ ಹಳದಿ ಚೀಲದಲ್ಲಿದೆ ಎಂದು 2010ರಲ್ಲಿ ಇಲಿಗಳ ಮೇಲಿನ ಅಧ್ಯಯನ ತೋರಿಸಿತು. ಮಿದುಳು ಇನ್ನೂ ರೂಪುಗೊಳ್ಳುತ್ತಿರುವಾಗಲೇ ಒಳಸೇರಿ, ಅಲ್ಲಿಯೇ ವಂಶ ಬೆಳೆಸಿಕೊಂಡು ಬದುಕಿನುದ್ದಕ್ಕೂ ಇರುವಂಥವು.

ಬಹಳ ಕಾಲ, ಆರೋಗ್ಯವಂತ ಮಿದುಳಿನಲ್ಲಿ ಇವು ಸುಮ್ಮನೆ ಕೂತಿರುತ್ತವೆ ಎಂದೇ ತಿಳಿದಿದ್ದರು. 2005ರಲ್ಲಿ ಜೀವಂತ ಇಲಿಯ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಬೇರೆಯೇ ನೋಟ ಕಂಡಿತು. ಕೋಶದ ಒಡಲು ಇದ್ದಲ್ಲೇ ಇದೆ. ಅದರ ನವಿರಾದ ಕವಲುಗಳು ಮಾತ್ರ ಒಂದು ಕ್ಷಣವೂ ಬಿಡದೆ ಚಾಚುತ್ತವೆ, ಮುಟ್ಟುತ್ತವೆ, ಹಿಂದೆ ಸರಿಯುತ್ತವೆ. ಹೀಗೆ ಕೆಲವೇ ಗಂಟೆಗಳಲ್ಲಿ ಮಿದುಳಿನ ಮೂಲೆಮೂಲೆಯನ್ನೂ ತಡವಿ ಬರುತ್ತವೆ. ಲೇಸರ್‌ನಿಂದ ಒಂದು ಸಣ್ಣ ಗಾಯ ಮಾಡಿದಾಗ ನಿಮಿಷಗಳಲ್ಲಿ ಸುತ್ತಲಿನ ಕವಲುಗಳೆಲ್ಲ ಅತ್ತ ತಿರುಗಿ ಗಾಯವನ್ನು ಮುಚ್ಚಿಕೊಂಡವು. ಆ ಚಿತ್ರಗಳನ್ನು ಮೊದಲು ನೋಡಿದಾಗ ನನಗೆ, ಕತ್ತಲಲ್ಲಿ ಮಲಗಿರುವ ಮಗುವಿನ ಮೈ ಸವರಿ ನೋಡುವ ತಾಯಿಯ ಕೈ ನೆನಪಾಯಿತು.

ಇವು ತಿನ್ನುತ್ತವೆ ಎಂಬುದೂ ಸುಳ್ಳಲ್ಲ. ಸತ್ತ ಕೋಶಗಳನ್ನು, ಕಸವನ್ನು ತಿಂದು ಚೊಕ್ಕಟ ಮಾಡುವುದೇ ಇವುಗಳ ಕೆಲಸ. ಅದಕ್ಕಿಂತ ಸೂಕ್ಷ್ಮದ ಕೆಲಸ ಇನ್ನೊಂದಿದೆ. ನಿಮ್ಮ ತೋಟದಲ್ಲಿ ಕುಯ್ಲು ಮುಗಿದ ಮೇಲೆ ಗಿಡಗಸಿ ಮಾಡಿಸುತ್ತೀರಲ್ಲ, ಬೇಡದ ರೆಂಬೆ ಸವರಿ ತೆಗೆಯುವುದು, ಅಂಥದ್ದು. ಬೆಳೆಯುವ ಮಗುವಿನ ಮಿದುಳಿನಲ್ಲಿ ನರಕೋಶಗಳ ನಡುವೆ ಬೇಕಾದ್ದಕ್ಕಿಂತ ಹೆಚ್ಚು ಸಂಪರ್ಕಗಳು ಮೂಡಿರುತ್ತವೆ. ಬಳಕೆಯಿಲ್ಲದ ಸಂಪರ್ಕಗಳಿಗೆ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳು ಗುರುತು ಹಾಕುತ್ತವೆ, ಮೈಕ್ರೊಗ್ಲಿಯಾ ಅವುಗಳನ್ನು ಸವರಿ ತೆಗೆಯುತ್ತವೆ. ಆಲ್ಝೈಮರ್ ಮಾದರಿಯ ಇಲಿಗಳಲ್ಲಿ ಇದೇ ಗುರುತು ಅಕಾಲದಲ್ಲಿ ಮತ್ತೆ ಬೀಳುತ್ತದೆ ಎಂದು 2016ರಲ್ಲಿ ಕಂಡುಬಂತು. ಕಾಯಿ ತುಂಬಿದ ಗಿಡಕ್ಕೆ ಕತ್ತಿ ಹಾಕಿದ ಹಾಗೆ. ನೀವು ಮೊಬೈಲಿನಲ್ಲಿ ಕೇಳಿದ್ದು ಈ ಅರ್ಧ ಕಥೆ.

ಇನ್ನರ್ಧ ಇದಕ್ಕೆ ತೀರ ವಿರುದ್ಧವಾಗಿದೆ. ಈ ಕೋಶಗಳ ಮೈಮೇಲೆ ಟ್ರೆಮ್2 ಎಂಬ ಪ್ರೋಟೀನಿದೆ. ಅದರ ಜೀನಿನಲ್ಲಿ ಒಂದು ಅಪರೂಪದ ಬದಲಾವಣೆ ಇದ್ದವರಿಗೆ ಆಲ್ಝೈಮರ್ ಬರುವ ಸಾಧ್ಯತೆ ಎರಡು-ಮೂರು ಪಟ್ಟು ಹೆಚ್ಚು ಎಂದು 2013ರಲ್ಲಿ ತಿಳಿದುಬಂತು. ಅಂಥವರಲ್ಲಿ ಮೈಕ್ರೊಗ್ಲಿಯಾ, ಈ ಕಾಯಿಲೆಯಲ್ಲಿ ಮಿದುಳಿನೊಳಗೆ ಕಟ್ಟುವ ಅಮಿಲಾಯ್ಡ್ ಎಂಬ ಪ್ರೋಟೀನಿನ ಹೆಪ್ಪಿನ ಸುತ್ತ ನೆರೆದು ಅದನ್ನು ಅಡಗಿಸುವ ಕೆಲಸವನ್ನು ಸರಿಯಾಗಿ ಮಾಡುವುದಿಲ್ಲ. ಅಂದರೆ ಇವು ಸೋತರೂ ಕಷ್ಟ, ಕೆರಳಿದರೂ ಕಷ್ಟ. ಉರಿಯೂತ ತಗ್ಗಿಸುವ ನೋವಿನ ಮಾತ್ರೆಗಳಿಂದ ಮರೆವನ್ನು ತಡೆಯಬಹುದೇ ಎಂದು ದೊಡ್ಡ ಪ್ರಯೋಗವನ್ನೂ ಮಾಡಿದರು, ಪ್ರಯೋಜನ ಕಾಣಲಿಲ್ಲ.

ಪುಡಿಯ ಬಗ್ಗೆ ನನ್ನ ಮಾತು ಸ್ಪಷ್ಟ: ಕೊಡಬೇಡಿ. ರೋಗನಿರೋಧಕ ಶಕ್ತಿ ಎಂಬುದು ದೀಪದ ಬತ್ತಿಯಂತೆ ಏರಿಸಿ ಇಳಿಸುವ ಒಂದು ವಸ್ತುವಲ್ಲ. ಅದರಲ್ಲಿ ಏನೇನು ಸೇರಿದೆ ಎಂದು ಪೊಟ್ಟಣದ ಮೇಲೆ ಬರೆದಿಲ್ಲ ಎನ್ನುತ್ತೀರಿ. 74ರ ವಯಸ್ಸಿನ ಮೂತ್ರಪಿಂಡದ ಮೇಲೆ ಅದನ್ನು ಪರೀಕ್ಷೆ ಮಾಡುವುದು ಬೇಡ. ನೆಂಟರಿಗೆ ಬೇಸರವಾಗುವುದಾದರೆ ನನ್ನ ಹೆಸರು ಹೇಳಿ.

ಈಗ ಆ ರಾತ್ರಿಯ ವಿಷಯ. ಅದು ಮರೆವಿನ ಕಾಯಿಲೆ ಒಂದೇ ರಾತ್ರಿಯಲ್ಲಿ ಏರಿದ್ದಲ್ಲ. ನಮ್ಮ ಹಿರಿಯರು ಅದಕ್ಕೆ ಸನ್ನಿ ಎನ್ನುತ್ತಿದ್ದರು. ವೈದ್ಯರು ಡೆಲಿರಿಯಮ್ ಎನ್ನುತ್ತಾರೆ. ಸೋಂಕು ಇದ್ದದ್ದು ಮೂತ್ರಕೋಶದಲ್ಲಿ. ಆದರೆ ದೇಹದಲ್ಲಿ ಎಲ್ಲೇ ಉರಿಯೂತ ಎದ್ದರೂ ಅದರ ಸುದ್ದಿ ರಕ್ತದ ಮೂಲಕವೂ ನರಗಳ ಮೂಲಕವೂ ಮಿದುಳನ್ನು ಮುಟ್ಟುತ್ತದೆ. ವಯಸ್ಸಾದ, ಅದರಲ್ಲೂ ಕಾಯಿಲೆ ಹಿಡಿದ ಮಿದುಳಿನ ಮೈಕ್ರೊಗ್ಲಿಯಾ ಮೊದಲೇ ಅರ್ಧ ಕೆರಳಿರುತ್ತವೆ. ಸಣ್ಣ ಸುದ್ದಿಗೂ ದೊಡ್ಡದಾಗಿ ಎಗರುತ್ತವೆ. ಆಲ್ಝೈಮರ್ ಇರುವವರನ್ನು ಆರು ತಿಂಗಳು ಗಮನಿಸಿದ, 2009ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ, ಸೋಂಕು ಅಥವಾ ಪೆಟ್ಟಿನಂಥ ಹಠಾತ್ ಉರಿಯೂತಕ್ಕೆ ಸಿಕ್ಕವರ ನೆನಪಿನ ಶಕ್ತಿ ಉಳಿದವರಿಗಿಂತ ಎರಡು ಪಟ್ಟು ವೇಗವಾಗಿ ಕುಗ್ಗಿತ್ತು. ಅತ್ತೆಯವರು ಮೊದಲಿನಷ್ಟು ಸರಿಹೋಗಲಿಲ್ಲ ಎಂದು ನೀವು ಬರೆದದ್ದು ನಿಮ್ಮ ಭ್ರಮೆಯಲ್ಲ.

ಇನ್ನು ತಡ ಮಾಡಿದ ಮಾತು. ನನ್ನ ತಂದೆಯವರು ಇದೇ ಹಾಸನದ ಮನೆಯಲ್ಲಿ ಒಂದು ಬೆಳಿಗ್ಗೆ ಚಪ್ಪಲಿಯನ್ನು ದೇವರ ಗೂಡಿನಲ್ಲಿಟ್ಟು, “ಬಸ್ಸು ಬಂತು, ಹೊರಡು” ಎಂದರು. ಅರವತ್ತಕ್ಕೆ ಅರಳುಮರಳು ಎಂಬ ಗಾದೆ ಕೇಳಿಯೇ ಬೆಳೆದ ನಾನು, ಎಂಬತ್ತಕ್ಕೆ ಇದು ಸಹಜ ಎಂದು ನಾಲ್ಕು ದಿನ ಬಿಟ್ಟೆ. ಮೈ ಸುಡುತ್ತಿರಲಿಲ್ಲ, ಕೆಮ್ಮೂ ಇರಲಿಲ್ಲ. ಎಕ್ಸ್‌ರೇಯಲ್ಲಿ ನ್ಯುಮೋನಿಯಾ ಕಂಡಿತು. ವಯಸ್ಸಾದವರಲ್ಲಿ ಸೋಂಕು ಎಷ್ಟೋ ಸಲ ಜ್ವರವಿಲ್ಲದೆ, ಬರಿಯ ಗೊಂದಲವಾಗಿಯೇ ಹೊರಗೆ ಕಾಣುತ್ತದೆ ಎಂದು ನನಗೆ ಅಂದು ಯಾರೂ ಹೇಳಿರಲಿಲ್ಲ. ನಿಮಗೂ ಹೇಳಿರಲಿಲ್ಲ. ತಿಳಿಯದೆ ಆದದ್ದನ್ನು ತಪ್ಪು ಎಂದು ಹೊತ್ತುಕೊಳ್ಳಬೇಡಿ.

ಮುಂದಿನ ಸಲಕ್ಕೆ ಮಾತ್ರ ಸಿದ್ಧರಾಗಿರಿ. ಮಳೆಗಾಲದಲ್ಲಿ ಬಾಯಾರಿಕೆ ಎನ್ನದಿದ್ದರೂ ಹೊತ್ತುಹೊತ್ತಿಗೆ ನೀರು, ಗಂಜಿ ಕೊಡಿ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ. ಅಂಗಡಿಯಿಂದ ನೀವಾಗಿ ತಂದ ನಿದ್ದೆಯ, ನೆಗಡಿಯ ಮಾತ್ರೆ ಬೇಡ. ಅವುಗಳಲ್ಲಿ ಕೆಲವು ಸನ್ನಿಯನ್ನೇ ತರುತ್ತವೆ. ನಡವಳಿಕೆ ಒಂದೆರಡು ದಿನದಲ್ಲಿ ಬದಲಾದರೆ, ಎಂದಿನಿಂದ ಎಂದು ಕ್ಯಾಲೆಂಡರಿನಲ್ಲಿ ಬರೆದಿಡಿ. ಆಸ್ಪತ್ರೆಯಲ್ಲಿ ಯಾರಾದರೂ ವಯಸ್ಸಾಯಿತಲ್ಲ ಎಂದರೆ, “ಮೊನ್ನೆಯವರೆಗೆ ಹೀಗಿರಲಿಲ್ಲ, ಮೂತ್ರ, ರಕ್ತ ಪರೀಕ್ಷೆ ಮಾಡಿ” ಎಂದು ಗಟ್ಟಿಯಾಗಿ ಹೇಳಿ. ನಿಮಗೇ ತಡೆಯಲಾಗದಷ್ಟು ದಣಿವಾದ ದಿನ 14416ಕ್ಕೆ ಕರೆ ಮಾಡಿ. ಅದು ಟೆಲಿ-ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲಿಯೇ ಮಾತನಾಡುತ್ತಾರೆ, ದುಡ್ಡಿಲ್ಲ.

ಅತ್ತೆಯವರು ಮತ್ತೊಮ್ಮೆ ತಂಗಿಯನ್ನು ಊಟಕ್ಕೆ ಕರೆದರೆ, ಆಕೆ ತೀರಿಹೋಗಿದ್ದಾಳೆ ಎಂದು ವಾದ ಮಾಡಬೇಡಿ. ಇವತ್ತೇನು ಅಡುಗೆ ಎಂದು ಕೇಳಿ, ದೀಪ ಹಾಕಿ, ಕನ್ನಡಕ ಕೊಟ್ಟು, ಕೈ ಹಿಡಿದು ಕೂರಿಸಿ. ಹಾಗೆಯೇ 108ಕ್ಕೆ ಕರೆ ಮಾಡಿ, ಅಥವಾ ಪಕ್ಕದ ತೋಟದವರ ಜೀಪು ತರಿಸಿ. ಬೆಳಗಾಗಲಿ ಎಂದು ಕಾಯಬೇಡಿ.